ಇಲಿಯಲ್ಲಿ ನಿಂತ ಫಿಟ್ಸ್ ಮನುಷ್ಯರಲ್ಲೂ ನಿಲ್ಲುತ್ತದೆಯೇ? ಮೂರ್ಛೆರೋಗ ಮತ್ತು ಗಿಡಮೂಲಿಕೆಯ ಸಾರ

ಫಿಟ್ಸ್ ತಡೆಯುವ ಫೆನಿಟಾಯಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದ ಇಬ್ಬರಿಗೆ ಹತೋಟಿಯಲ್ಲಿದ್ದ ಫಿಟ್ಸ್ ಇದ್ದಕ್ಕಿದ್ದಂತೆ ಮತ್ತೆ ಬರತೊಡಗಿತು. ರಕ್ತ ಪರೀಕ್ಷೆ ಮಾಡಿದರೆ ಔಷಧದ ಮಟ್ಟ ಕುಸಿದಿತ್ತು. ಇಬ್ಬರೂ ಮಾತ್ರೆಯ ಜೊತೆಗೆ ಶಂಖಪುಷ್ಪಿ ಸೇರಿದ ಆಯುರ್ವೇದದ ಸಿರಪ್ ಕುಡಿಯುತ್ತಿದ್ದರು. ಭಾರತದ ವೈದ್ಯರು 1992ರಲ್ಲಿ ಪ್ರಕಟಿಸಿದ ಪ್ರಸಂಗವಿದು. ಅವರು ವರದಿ ಬರೆದು ಸುಮ್ಮನಾಗದೆ ಇಲಿಗಳ ಮೇಲೆ ಪರೀಕ್ಷೆಯನ್ನೂ ಮಾಡಿದರು. ಸಿರಪ್ ಒಂದನ್ನೇ ಕೊಟ್ಟಾಗ ಇಲಿಗಳಿಗೆ ಫಿಟ್ಸ್‌ನಿಂದ ರಕ್ಷಣೆ ಸಿಕ್ಕಿತು. ಫೆನಿಟಾಯಿನ್ ಜೊತೆ ಕೊಟ್ಟಾಗ ಮಾತ್ರೆಯ ಬಲವೇ ಕುಗ್ಗಿತು. ಎರಡನ್ನೂ ಮತ್ತೆ ಮತ್ತೆ ಕೊಡುತ್ತ ಹೋದರೆ ರಕ್ತದಲ್ಲಿನ ಫೆನಿಟಾಯಿನ್ ಮಟ್ಟವೂ ಇಳಿಯಿತು.

ಅಂದರೆ "ಶಂಖಪುಷ್ಪಿಗೆ ಫಿಟ್ಸ್ ತಡೆಯುವ ಗುಣವಿದೆ" ಎಂದು ಬರೆದರೂ ಸರಿ, "ಶಂಖಪುಷ್ಪಿ ಕುಡಿದು ಫಿಟ್ಸ್ ಮರಳಿತು" ಎಂದು ಬರೆದರೂ ಸರಿ. ಎರಡಕ್ಕೂ ಆಧಾರ ಒಂದೇ ಅಧ್ಯಯನ. ವಾಟ್ಸಾಪ್‌ನಲ್ಲಿ ನಮಗೆ ಬರುವುದು ಸಾಮಾನ್ಯವಾಗಿ ಮೊದಲನೆಯ ವಾಕ್ಯ ಮಾತ್ರ. ಗಿಡಗಳಲ್ಲಿ ಫಿಟ್ಸ್ ತಡೆಯುವ ಅಣುಗಳಿವೆಯೇ ಎಂದರೆ ಇವೆ, ಅದರಲ್ಲಿ ಅನುಮಾನವಿಲ್ಲ. ಆದರೆ ಯಾವ ಅಣು, ಎಷ್ಟು, ಮಿದುಳಿನವರೆಗೆ ತಲುಪುತ್ತದೆಯೇ, ಈಗಾಗಲೇ ನುಂಗುತ್ತಿರುವ ಮಾತ್ರೆಯೊಂದಿಗೆ ಹೇಗೆ ವರ್ತಿಸುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಅದು ಔಷಧವಲ್ಲ, ಔಷಧವಾಗಬಹುದಾದ ವಸ್ತು ಅಷ್ಟೆ.

ಮೊದಲು ರೋಗದ ವಿಚಾರ. ಆರೋಗ್ಯವಂತ ಮಿದುಳು ಸಂತೆಯಿದ್ದಂತೆ. ಗದ್ದಲವೇನೋ ಇರುತ್ತದೆ, ಆದರೆ ಪ್ರತಿಯೊಬ್ಬರ ಮಾತೂ ಬೇರೆ. ಸಂತೆಯ ಒಂದು ಮೂಲೆಯವರು ಒಂದೇ ಪದವನ್ನು ಒಟ್ಟಿಗೆ ಕೂಗಲು ಶುರುಮಾಡಿ, ಆ ಕೂಗು ಅಂಗಡಿಯಿಂದ ಅಂಗಡಿಗೆ ಹಬ್ಬಿದರೆ ಹೇಗೋ, ಫಿಟ್ಸ್ ಹಾಗೆ. ನರಕೋಶಗಳು ಲಯ ತಪ್ಪಿ ಏಕಕಾಲಕ್ಕೆ ಮಿಡಿಯುತ್ತವೆ. ಈ ಮಿಡಿತ ಹುಟ್ಟುವುದು ಕೋಶದ ಪೊರೆಯಲ್ಲಿರುವ ಸೋಡಿಯಂ ದ್ವಾರಗಳು ತೆರೆದಾಗ. ಅದನ್ನು ತಣಿಸುವ ಮುಖ್ಯ ರಾಸಾಯನಿಕದ ಹೆಸರು ಗಾಬಾ. ಫೆನಿಟಾಯಿನ್, ಕಾರ್ಬಮಜೆಪೀನ್ ಸೋಡಿಯಂ ದ್ವಾರಗಳ ಮೇಲೆ ಕೆಲಸ ಮಾಡುತ್ತವೆ. ಫಿನೋಬಾರ್ಬಿಟಲ್, ಕ್ಲೋಬಜಾಮ್ ಗಾಬಾದ ಕೈ ಬಲಪಡಿಸುತ್ತವೆ.

ಜ್ವರ, ಸಕ್ಕರೆ ಕುಸಿತ, ವಿಷ, ತಲೆಗೆ ಪೆಟ್ಟು, ಇವುಗಳಿಂದ ಯಾರಿಗಾದರೂ ಒಮ್ಮೆ ಫಿಟ್ಸ್ ಬರಬಹುದು. ಅಂಥ ತಕ್ಷಣದ ಕಾರಣವಿಲ್ಲದೆ ಮತ್ತೆ ಮತ್ತೆ ಬರುವ ಪ್ರವೃತ್ತಿ ಮಿದುಳಿನಲ್ಲೇ ಬೇರೂರಿದ್ದರೆ ಅದು ಮೂರ್ಛೆರೋಗ, ಆಯುರ್ವೇದದ ಮಾತಿನಲ್ಲಿ ಅಪಸ್ಮಾರ. (ನಮ್ಮ ದಕ್ಷಿಣ ಕರ್ನಾಟಕಕ್ಕೆ ಇದರದ್ದೇ ಒಂದು ವಿಚಿತ್ರ ನಮೂನೆಯ ನಂಟಿದೆ. ತಲೆಯ ಮೇಲೆ ಬಿಸಿನೀರು ಹೊಯ್ದುಕೊಂಡಾಗ ಬರುವ ಫಿಟ್ಸ್ ಅದು. ನಿಮ್ಹಾನ್ಸ್ ಇದರ ಬಗ್ಗೆ ದಶಕಗಳಿಂದ ಅಧ್ಯಯನ ಮಾಡಿದೆ. ಹಲವರಿಗೆ ನೀರಿನ ಬಿಸಿ ಇಳಿಸಿದರೆ, ಸ್ನಾನಕ್ಕೆ ಮುಂಚೆ ಒಂದು ಕ್ಲೋಬಜಾಮ್ ನುಂಗಿದರೆ ಸಾಕಾಗುತ್ತದೆ.) ಫಿಟ್ಸ್ ಮತ್ತು ಮೂರ್ಛೆರೋಗದ ನಡುವಿನ ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ. ಮೂಲಿಕೆಗಳ ಹೆಚ್ಚಿನ ಅಧ್ಯಯನಗಳು ಎಡವುವುದು ಇಲ್ಲೇ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಮೂರ್ಛೆರೋಗವಿದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ಅವರಲ್ಲಿ 70%ರಷ್ಟು ಮಂದಿ ಫಿಟ್ಸ್ ಇಲ್ಲದೆ ಬದುಕಬಹುದು. ಉಳಿದ 30%ರಷ್ಟು ಮಂದಿಗೆ ಎರಡು ಮೂರು ಬಗೆಯ ಮಾತ್ರೆ ಕೊಟ್ಟರೂ ಹತೋಟಿ ಸಿಗುವುದಿಲ್ಲ. ಗಿಡಗಳಲ್ಲಿ ಹೊಸ ಅಣು ಹುಡುಕುವ ಕೆಲಸಕ್ಕೆ ನಿಜವಾದ ಒತ್ತಾಸೆ ಇವರು.

ಹುಡುಕಾಟ ಶೂನ್ಯದಿಂದೇನೂ ಶುರುವಾಗುತ್ತಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಹತ್ತನೇ ಅಧ್ಯಾಯ ಪೂರ್ತಿ ಅಪಸ್ಮಾರಕ್ಕೆ ಮೀಸಲು. ಅಲ್ಲಿ ಬರುವ ಬ್ರಾಹ್ಮೀ ಘೃತಕ್ಕೆ ಬ್ರಾಹ್ಮಿಯ ರಸ, ವಚಾ ಅಂದರೆ ಬಜೆ, ಕುಷ್ಠ ಎಂದರೆ ಕೋಷ್ಠ, ಶಂಖಪುಷ್ಪಿ ಮತ್ತು ಹಳೆಯ ತುಪ್ಪ ಬೇಕು. ತುಪ್ಪದ ಆಯ್ಕೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಮಿದುಳಿನ ರಕ್ತನಾಳಗಳ ಗೋಡೆ ಬಲು ಕಟ್ಟುನಿಟ್ಟಿನದು. ಜಿಡ್ಡಿನಲ್ಲಿ ಕರಗುವ ಅಣುಗಳು ಅದನ್ನು ಸುಲಭವಾಗಿ ದಾಟುತ್ತವೆ, ನೀರಿನಲ್ಲಿ ಕರಗುವ ಬಹುಪಾಲು ಅಣುಗಳು ದಾಟುವುದಿಲ್ಲ.

ಆದರೆ ಯಾವ ಬ್ರಾಹ್ಮಿ? ಮಲೆನಾಡಿನಲ್ಲಿ, ಕರಾವಳಿಯಲ್ಲಿ ತಂಬುಳಿಗೆ ಹಾಕುವ ಒಂದೆಲಗವನ್ನು ಅನೇಕರು ಬ್ರಾಹ್ಮಿ ಎನ್ನುತ್ತಾರೆ. ಅದು ಕೊತ್ತಂಬರಿಯ ಬಳಗದ ಗಿಡ. ಗದ್ದೆಯಂಚಿನ ಕೆಸರಿನಲ್ಲಿ ಹಬ್ಬುವ, ದಪ್ಪನೆಯ ಪುಟ್ಟ ಎಲೆಗಳ ನೀರುಬ್ರಾಹ್ಮಿ ಬೇರೆಯದೇ ಕುಟುಂಬದ್ದು. ಒಂದರಲ್ಲಿ ಏಷ್ಯಾಟಿಕೋಸೈಡ್, ಇನ್ನೊಂದರಲ್ಲಿ ಬ್ಯಾಕೋಸೈಡ್. ಶಂಖಪುಷ್ಪಿಯದಂತೂ ಇನ್ನೂ ಗೋಜಲು. ಉತ್ತರ ಭಾರತದಲ್ಲಿ ಬಳಸುವ ಗಿಡ ಒಂದು, ಬೇರೆಡೆ ಅದೇ ಹೆಸರಿಗೆ ನೀಲಿ ಹೂವಿನ ಶಂಖಪುಷ್ಪದ ಬಳ್ಳಿ, ಮತ್ತೆ ಕೆಲವೆಡೆ ವಿಷ್ಣುಕ್ರಾಂತಿ. ಸಸ್ಯದ ಗುರುತೇ ಖಚಿತವಿಲ್ಲದಿದ್ದರೆ ಒಂದು ಊರಿನ ಅನುಭವವನ್ನು ಇನ್ನೊಂದು ಊರಿನ ಬಾಟಲಿಗೆ ಅನ್ವಯಿಸುವುದು ಹೇಗೆ?

ಗಿಡ ಗುರುತಾಯಿತು ಎಂದುಕೊಳ್ಳೋಣ. ಮುಂದೆ ಸಾರ ತೆಗೆಯುವ ಕೆಲಸ. ಸಾರ ಎನ್ನುವುದು ಒಂದು ವಸ್ತುವಲ್ಲ, ನೂರಾರು ಅಣುಗಳ ಮಿಶ್ರಣ. ಒಂದೇ ಎಲೆಯನ್ನು ನೀರಿನಲ್ಲಿ ಕುದಿಸಿದರೆ ಬರುವುದು ಒಂದು, ಆಲ್ಕೋಹಾಲಿನಲ್ಲಿ ನೆನೆಸಿದರೆ ಇನ್ನೊಂದು, ಹೆಕ್ಸೇನ್‌ನಂಥ ದ್ರಾವಕದಲ್ಲಿ ಹಾಕಿದರೆ ಮತ್ತೊಂದು. ಪ್ರಬಂಧದಲ್ಲಿ "ಮೆಥನಾಲ್ ಸಾರ ಪರಿಣಾಮಕಾರಿ" ಎಂದಿದ್ದರೆ ಮನೆಯಲ್ಲಿ ಕಾಯಿಸಿದ ಕಷಾಯದ ಬಗ್ಗೆ ಅದು ಏನನ್ನೂ ಹೇಳಿಲ್ಲ ಎಂದೇ ಅರ್ಥ. ಮಣ್ಣು, ಮಳೆ, ಕೊಯ್ದ ತಿಂಗಳು, ಒಣಗಿಸಿದ ರೀತಿ, ಇವೆಲ್ಲವೂ ಅಣುಗಳ ಪ್ರಮಾಣವನ್ನು ಏರಿಳಿಸುತ್ತವೆ.

ಆಮೇಲೆ ಇಲಿಯ ಸರದಿ. ಮುಖ್ಯವಾಗಿ ಎರಡು ಪರೀಕ್ಷೆಗಳಿವೆ. ಒಂದರಲ್ಲಿ ಅರೆಕ್ಷಣ ವಿದ್ಯುತ್ ಹಾಯಿಸಿ ಫಿಟ್ಸ್ ತರಿಸುತ್ತಾರೆ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಮೆರಿಟ್ ಮತ್ತು ಪಟ್ನಮ್ ಬೆಕ್ಕುಗಳ ಮೇಲೆ ಇಂಥದೇ ಪರೀಕ್ಷೆ ನಡೆಸಿ ಫೆನಿಟಾಯಿನ್‌ನ ಗುಣ ಕಂಡುಕೊಂಡರು. ಇನ್ನೊಂದರಲ್ಲಿ ಪೆಂಟಿಲೀನ್‌ಟೆಟ್ರಜೋಲ್ ಎಂಬ ರಾಸಾಯನಿಕ ಚುಚ್ಚುತ್ತಾರೆ. ಅದು ಗಾಬಾದ ಕೆಲಸಕ್ಕೆ ಅಡ್ಡಿಯಾಗಿ ಫಿಟ್ಸ್ ಬರಿಸುತ್ತದೆ. ಈ ರಾಸಾಯನಿಕದ ಹಿಂದಿನ ಕಥೆ ಕುತೂಹಲದ್ದು. 1934ರಲ್ಲಿ ಹಂಗೇರಿಯ ವೈದ್ಯ ಲಾಡಿಸ್ಲಾಸ್ ಮೆಡುನಾ ಮಾನಸಿಕ ರೋಗಿಗಳಿಗೆ ಬೇಕೆಂದೇ ಫಿಟ್ಸ್ ಬರಿಸಿ ಗುಣಪಡಿಸಲು ನೋಡಿದ. ಅದಕ್ಕೆ ಮೊದಲು ಬಳಸಿದ್ದು ಎಣ್ಣೆಯಲ್ಲಿ ಕರಗಿಸಿದ ಕರ್ಪೂರ. ಅದರ ಪರಿಣಾಮ ನಿಧಾನ ಮತ್ತು ಅನಿಶ್ಚಿತವಾದ್ದರಿಂದ ಪೆಂಟಿಲೀನ್‌ಟೆಟ್ರಜೋಲ್‌ಗೆ ಬದಲಾಯಿಸಿದ. ಇವತ್ತು ಮೂಲಿಕೆಗಳನ್ನು ಒರೆಗೆ ಹಚ್ಚುವುದು ಅದೇ ವಸ್ತುವಿನಿಂದ.

ಪ್ರಯೋಗಾಲಯಗಳಲ್ಲಿ ಫಿಟ್ಸ್ ತರಿಸಲು ಬಳಸುವ ಬೇರೆ ವಿಷಗಳ ಪಟ್ಟಿ ತೆಗೆದರೆ ಅಲ್ಲೂ ಗಿಡಗಳೇ. ಪಿಕ್ರೊಟಾಕ್ಸಿನ್ ಸಿಗುವುದು ಹೊಳೆಯಲ್ಲಿ ಮೀನು ಮತ್ತೇರಿಸಲು ಬಳಸುತ್ತಿದ್ದ ಕಾಕಮಾರಿಯ ಕಾಯಿಯಿಂದ. ಸ್ಟ್ರಿಕ್ನಿನ್ ನಮ್ಮ ಕಾಡಿನ ಕಾಸರಕದ ಬೀಜದ್ದು. ಪೈಲೊಕಾರ್ಪಿನ್ ದಕ್ಷಿಣ ಅಮೆರಿಕದ ಜಬೊರಾಂಡಿ ಎಲೆಯದು. ಕೈನಿಕ್ ಆಮ್ಲ ಕೆಂಪು ಕಡಲಪಾಚಿಯದು. ಗಿಡದ್ದು ಎಂದ ಮಾತ್ರಕ್ಕೆ ನರಗಳಿಗೆ ಒಳ್ಳೆಯದು ಎನ್ನುವವರಿಗೆ ಈ ನಾಲ್ಕು ಹೆಸರು ಸಾಕು.

ಇಲಿಗೆ ಸಾರ ಕೊಟ್ಟು, ಅರ್ಧ ಗಂಟೆಯೋ ಒಂದು ಗಂಟೆಯೋ ಬಿಟ್ಟು ಪೆಂಟಿಲೀನ್‌ಟೆಟ್ರಜೋಲ್ ಚುಚ್ಚುತ್ತಾರೆ. ಫಿಟ್ಸ್ ತಡವಾಗಿ ಬಂದರೆ, ಕಡಿಮೆ ಹೊತ್ತು ಇದ್ದರೆ, ಸಾವು ತಪ್ಪಿದರೆ ಸಾರಕ್ಕೆ ಗುಣವಿದೆ ಎಂದು ಬರೆಯುತ್ತಾರೆ. ಆದರೆ ಆ ಇಲಿಗೆ ಮೂರ್ಛೆರೋಗವೇ ಇರಲಿಲ್ಲ. ಆರೋಗ್ಯವಂತ ಇಲಿಗೆ ವಿಷದಿಂದ ಬಂದ ಒಂದು ಫಿಟ್ಸ್ ಅದು. ಲೆವೆಟಿರಾಸೆಟಾಮ್ ಎಂಬ ಮಾತ್ರೆಯನ್ನು ಇವತ್ತು ನರರೋಗ ವೈದ್ಯರು ಧಾರಾಳವಾಗಿ ಬರೆಯುತ್ತಾರಲ್ಲ, ಅದು ಈ ಎರಡೂ ಸಾಂಪ್ರದಾಯಿಕ ಪರೀಕ್ಷೆಗಳಲ್ಲಿ ನಪಾಸಾದ ಔಷಧ. ಬೇರೆ ಬಗೆಯ, ದೀರ್ಘಕಾಲದ ಪರೀಕ್ಷೆಗಳಲ್ಲಿ ಅದರ ಗುಣ ಕಂಡಿತು. ಇದಕ್ಕೆ ತದ್ವಿರುದ್ಧವಾಗಿ, ಬರೀ ನಿದ್ದೆ ತರಿಸುವ ಸಾರವೂ ಇಲಿಯ ಪರೀಕ್ಷೆಯಲ್ಲಿ ಪಾಸಾಗಬಹುದು, ಏಕೆಂದರೆ ಮಂಪರಾದ ಇಲಿ ಕಡಿಮೆ ಒದ್ದಾಡುತ್ತದೆ. ಅದನ್ನು ಬೇರ್ಪಡಿಸಲು ಇಲಿಯನ್ನು ತಿರುಗುವ ದಂಡದ ಮೇಲೆ ನಿಲ್ಲಿಸಿ ಎಷ್ಟು ಹೊತ್ತು ಆಯ ತಪ್ಪದೆ ನಿಲ್ಲುತ್ತದೆ ಎಂದು ನೋಡಬೇಕು. ಪ್ರಬಂಧ ಓದುವಾಗ ನಾನು ಮೊದಲು ಹುಡುಕುವುದು ಈ ದಂಡದ ಪರೀಕ್ಷೆಯನ್ನು.

ಡೋಸಿನ ಲೆಕ್ಕವನ್ನೂ ಹಾಕಿ ನೋಡೋಣ. ಇಂಥ ಅಧ್ಯಯನಗಳಲ್ಲಿ ಪುಟ್ಟ ಬಿಳಿ ಇಲಿಗೆ ಕಿಲೋ ತೂಕಕ್ಕೆ 400 ಮಿಲಿಗ್ರಾಂ ಸಾರ ಕೊಡುವುದು ಮಾಮೂಲು. ದೇಹದ ಗಾತ್ರದ ವ್ಯತ್ಯಾಸಕ್ಕೆ ಅದನ್ನು 12.3ರಿಂದ ಭಾಗಿಸುವುದು ವಾಡಿಕೆಯ ಸೂತ್ರ. ಮನುಷ್ಯರಿಗೆ ಕಿಲೋಗೆ ಸುಮಾರು 32 ಮಿಲಿಗ್ರಾಂ ಬರುತ್ತದೆ. 60 ಕಿಲೋ ತೂಕದವರಿಗೆ ಹತ್ತಿರ ಹತ್ತಿರ 2 ಗ್ರಾಂ ಒಣ ಸಾರ. ನೂರು ಗ್ರಾಂ ಒಣ ಎಲೆಯಿಂದ ಹತ್ತು ಗ್ರಾಂ ಸಾರ ಸಿಗುತ್ತದೆಂದು ಹಿಡಿದರೆ ದಿನಕ್ಕೆ 20 ಗ್ರಾಂ ಒಣ ಎಲೆ, ಹಸಿಯಲ್ಲಿ ನೂರು ಗ್ರಾಂಗೂ ಹೆಚ್ಚು, ಅದೂ ವರ್ಷಾನುಗಟ್ಟಲೆ. ಚಿಟಿಕೆ ಪುಡಿಗೂ ಈ ಪ್ರಮಾಣಕ್ಕೂ ಸಂಬಂಧವಿಲ್ಲ. ಎಷ್ಟೋ ಪ್ರಯೋಗಗಳಲ್ಲಿ ಸಾರವನ್ನು ಬಾಯಿಗೆ ಕೊಡುವುದೂ ಇಲ್ಲ, ನೇರ ಹೊಟ್ಟೆಯ ಕುಹರಕ್ಕೆ ಚುಚ್ಚುತ್ತಾರೆ. ಕರುಳಿನಲ್ಲಿ ಹೀರಿಕೊಳ್ಳುವುದು ಎಂಬ ದೊಡ್ಡ ಅಡ್ಡಿಯನ್ನು ಹಾಗೆ ದಾಟಿಬಿಡುತ್ತಾರೆ.

ದ್ರಾವಕದ ವಿಷಯಕ್ಕೆ ಬಂದರೆ, ಮೂರ್ಛೆರೋಗದ ಇತಿಹಾಸದಲ್ಲೇ ಸೊಗಸಾದ ಆಕಸ್ಮಿಕ ನಡೆದದ್ದು ಫ್ರಾನ್ಸಿನ ಗ್ರೆನೋಬಲ್‌ನಲ್ಲಿ, 1962ರಲ್ಲಿ. ಪಿಯೆರ್ ಏಮಾರ್ ಎಂಬ ಯುವ ಸಂಶೋಧಕ ಖೆಲ್ಲಿನ್ ಎಂಬ ಸಸ್ಯಮೂಲದ ಅಣುವಿನಿಂದ ಕೆಲವು ಹೊಸ ಸಂಯುಕ್ತಗಳನ್ನು ತಯಾರಿಸಿದ್ದ. ಅವು ನೀರಿನಲ್ಲಿ ಕರಗುತ್ತಿರಲಿಲ್ಲ. ಹಾಗಾಗಿ ವ್ಯಾಲ್ಪ್ರೋಯಿಕ್ ಆಮ್ಲದಲ್ಲಿ ಕರಗಿಸಿದರು. 1882ರಲ್ಲೇ ತಯಾರಾಗಿದ್ದ, ಯಾರೂ ಔಷಧವೆಂದು ಎಣಿಸದಿದ್ದ ದ್ರವ ಅದು. ಪ್ರಾಣಿಗಳಲ್ಲಿ ಪರೀಕ್ಷಿಸಿದಾಗ ಸಂಯುಕ್ತಗಳು ಫಿಟ್ಸ್ ತಡೆದವು. ಆದರೆ ಆ ದ್ರವದಲ್ಲಿ ಕರಗಿಸಿದ್ದೆಲ್ಲವೂ ತಡೆಯುತ್ತಿತ್ತು! ಕೆಲಸ ಮಾಡುತ್ತಿದ್ದದ್ದು ದ್ರಾವಕ. ಹಾಗೆ ಸಿಕ್ಕಿದ್ದು ವ್ಯಾಲ್ಪ್ರೊಯೇಟ್, ಇವತ್ತಿಗೂ ಮೂರ್ಛೆರೋಗದ ದೊಡ್ಡ ಔಷಧಗಳಲ್ಲೊಂದು. ವ್ಯಾಲೇರಿಯನ್ ಬೇರಿನಲ್ಲಿರುವ ವ್ಯಾಲೆರಿಕ್ ಆಮ್ಲದ ಹತ್ತಿರದ ಸಂಬಂಧಿ ಈ ಆಮ್ಲ. ನಮ್ಮಲ್ಲಿ ತಗರ ಎನ್ನುವುದು ಅದೇ ಬಳಗದ ಹಿಮಾಲಯದ ಮೂಲಿಕೆ. ಇಷ್ಟಾದರೂ ವ್ಯಾಲೇರಿಯನ್ ಬೇರು ಅರೆದು ಕುಡಿದರೆ ವ್ಯಾಲ್ಪ್ರೊಯೇಟ್ ಸಿಗುವುದಿಲ್ಲ. ಸಾರವನ್ನು ಕರಗಿಸಿದ ದ್ರವವನ್ನಷ್ಟೇ ಬೇರೊಂದು ಗುಂಪಿನ ಇಲಿಗಳಿಗೆ ಕೊಟ್ಟು ಹೋಲಿಸದ ಪ್ರಬಂಧವನ್ನು ನಂಬಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಹಾಗಾದರೆ ಇಷ್ಟೆಲ್ಲ ಅಡ್ಡಿ ದಾಟಿ ಬಂದ ಗಿಡ ಯಾವುದಾದರೂ ಇದೆಯೇ? ಇದೆ, ಗಾಂಜಾ.

1839ರಲ್ಲಿ ಕಲ್ಕತ್ತೆಯಲ್ಲಿದ್ದ ಐರಿಷ್ ವೈದ್ಯ ಓಷಾಗ್ನೆಸಿ ಸೆಳೆತದಿಂದ ಬಳಲುತ್ತಿದ್ದ ನಲವತ್ತು ದಿನದ ಕೂಸಿಗೆ ಗಾಂಜಾದ ದ್ರಾವಣ ಕೊಟ್ಟು ಗುಣ ಕಂಡದ್ದನ್ನು ದಾಖಲಿಸಿದ. ಅಮಲೇರಿಸುವ ಅಂಶವಿಲ್ಲದ ಕ್ಯಾನಬಿಡಿಯಾಲ್ ಎಂಬ ಅಣುವಿನ ರಚನೆ ಇಸ್ರೇಲಿನಲ್ಲಿ 1963ರಲ್ಲಿ ತಿಳಿಯಿತು. 1980ರಲ್ಲಿ ಬ್ರೆಜಿಲ್‌ನಲ್ಲಿ ಹದಿನೈದು ರೋಗಿಗಳ ಸಣ್ಣ ಪರೀಕ್ಷೆ ನಡೆಯಿತು. ಫಲಿತಾಂಶ ಆಶಾದಾಯಕವಾಗಿಯೇ ಇದ್ದರೂ ಮೂವತ್ತು ವರ್ಷ ಅದು ಹೆಚ್ಚೇನೂ ಮುಂದಕ್ಕೆ ಹೋಗಲಿಲ್ಲ. 2013ರ ಸುಮಾರಿಗೆ ಅಮೆರಿಕದ ಕೊಲರಾಡೊದ ಒಬ್ಬ ಪುಟ್ಟ ಹುಡುಗಿಯ ಕಥೆ ಟಿವಿಯಲ್ಲಿ ಬಂದ ಮೇಲೆ ಜಗತ್ತು ತಿರುಗಿ ನೋಡಿತು. ಅವಳಿಗಿದ್ದದ್ದು ಡ್ರಾವೆಟ್ ಸಿಂಡ್ರೋಮ್, ಮಗುವಿನ ಮೊದಲ ವರ್ಷದಲ್ಲೇ ಶುರುವಾಗುವ, ಮಾತ್ರೆಗಳಿಗೆ ಜಗ್ಗದ ರೋಗ.

ಟಿವಿಯ ಕಥೆಯ ಮೇಲೆ ಔಷಧಕ್ಕೆ ಪರವಾನಗಿ ಸಿಗುವುದಿಲ್ಲ. ಡ್ರಾವೆಟ್ ಇರುವ 120 ಮಕ್ಕಳು ಮತ್ತು ಯುವಕ ಯುವತಿಯರನ್ನು ಎರಡು ಗುಂಪು ಮಾಡಿದರು. ಎಲ್ಲರಿಗೂ ಹಳೆಯ ಮಾತ್ರೆಗಳು ಮುಂದುವರಿದವು. ಒಂದು ಗುಂಪಿಗೆ ಕಿಲೋ ತೂಕಕ್ಕೆ ದಿನಕ್ಕೆ 20 ಮಿಲಿಗ್ರಾಂ ಕ್ಯಾನಬಿಡಿಯಾಲ್, ಇನ್ನೊಂದಕ್ಕೆ ಔಷಧವಿಲ್ಲದ, ನೋಡಲು ಅಂಥದೇ ದ್ರವ. ಯಾರಿಗೆ ಯಾವುದು ಎಂದು ಕೊಟ್ಟವರಿಗೂ ಗೊತ್ತಿಲ್ಲ, ಕುಡಿದವರಿಗೂ ಗೊತ್ತಿಲ್ಲ. 2017ರಲ್ಲಿ ಫಲಿತಾಂಶ ಬಂತು. ಔಷಧ ಪಡೆದವರಲ್ಲಿ ತಿಂಗಳಿಗೆ ಬರುತ್ತಿದ್ದ ಫಿಟ್ಸ್‌ನ ಮಧ್ಯಾಂಕ 12.4ರಿಂದ 5.9ಕ್ಕೆ ಇಳಿಯಿತು. ಇನ್ನೊಂದು ಗುಂಪಿನಲ್ಲಿ 14.9 ಇದ್ದದ್ದು 14.1 ಆಯಿತು. ಫಿಟ್ಸ್ ಪೂರ್ತಿ ನಿಂತದ್ದು ಔಷಧ ಪಡೆದವರಲ್ಲಿ 5% ಮಂದಿಗೆ ಮಾತ್ರ.

ಈ ಅಧ್ಯಯನದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಅಂಕಿ ಬೇರೆ. ಫಿಟ್ಸ್ ಅರ್ಧದಷ್ಟಾದರೂ ಕಡಿಮೆಯಾದವರು ಔಷಧದ ಗುಂಪಿನಲ್ಲಿ 43%. ಔಷಧವೇ ಇಲ್ಲದ ದ್ರವ ಕುಡಿದವರಲ್ಲಿ? 27%. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಏನೂ ಇಲ್ಲದ ದ್ರವದಿಂದಲೇ "ಗುಣ" ಕಂಡಿತ್ತು. ಮೂರ್ಛೆರೋಗ ತಾನಾಗಿಯೇ ಏರಿಳಿಯುವ ರೋಗ. ಜನ ಹೊಸ ಮದ್ದು ಹುಡುಕಿ ಹೊರಡುವುದು ಫಿಟ್ಸ್ ಅತಿಯಾದಾಗ. ಅದಾದ ಮೇಲೆ ಇಳಿಯುವ ಸಂಭವವೇ ಹೆಚ್ಚು, ಆ ಇಳಿತದ ಕೀರ್ತಿ ಆಗ ಕೈಯಲ್ಲಿದ್ದ ಬಾಟಲಿಗೆ ಹೋಗುತ್ತದೆ. "ನಮ್ಮ ಪಕ್ಕದ ಮನೆಯವರಿಗೆ ಗುಣವಾಯಿತು" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಹೋಲಿಸಿ ನೋಡಲು ಅವರ ಬಳಿ ಎರಡನೇ ಗುಂಪಿಲ್ಲ, ಅಷ್ಟೆ.

2018ರ ಜೂನ್‌ನಲ್ಲಿ ಎಪಿಡಿಯೋಲೆಕ್ಸ್ ಹೆಸರಿನಲ್ಲಿ ಅಮೆರಿಕದಲ್ಲಿ ಕ್ಯಾನಬಿಡಿಯಾಲ್‌ಗೆ ಒಪ್ಪಿಗೆ ಸಿಕ್ಕಿತು, ಅದೂ ಮೊದಲಿಗೆ ಡ್ರಾವೆಟ್ ಮತ್ತು ಲೆನಾಕ್ಸ್-ಗ್ಯಾಸ್ಟೋ ಎಂಬ ಎರಡು ಅಪರೂಪದ, ತೀವ್ರ ರೋಗಗಳಿಗಷ್ಟೇ. ಅದು ಗಾಂಜಾ ಸೊಪ್ಪಿನ ರಸವಲ್ಲ. ಗಿಡದಿಂದ ಬೇರ್ಪಡಿಸಿ ಶುದ್ಧ ಮಾಡಿದ ಒಂದೇ ಅಣು, ಮಿಲಿಲೀಟರಿಗೆ 100 ಮಿಲಿಗ್ರಾಂ ಎಂದು ಅಳೆದು ಎಳ್ಳೆಣ್ಣೆಯಲ್ಲಿ ಕರಗಿಸಿದ್ದು. ಜಿಡ್ಡಿನ ಊಟದ ಜೊತೆ ಕೊಟ್ಟರೆ ದೇಹಕ್ಕೆ ಸೇರುವ ಪ್ರಮಾಣ ಸುಮಾರು ನಾಲ್ಕು ಪಟ್ಟು ಏರುತ್ತದೆ. ಅಡ್ಡಪರಿಣಾಮಗಳೂ ಇವೆ. ಮಂಪರು, ಭೇದಿ ಸಾಮಾನ್ಯ. ವ್ಯಾಲ್ಪ್ರೊಯೇಟ್ ಜೊತೆಗಿದ್ದರೆ ಯಕೃತ್ತಿನ ಮೇಲೆ ಪೆಟ್ಟು. ಕ್ಲೋಬಜಾಮ್ ಜೊತೆಗಿದ್ದರೆ ಅದರಿಂದ ಹುಟ್ಟುವ ಸಕ್ರಿಯ ವಸ್ತುವಿನ ಮಟ್ಟ ರಕ್ತದಲ್ಲಿ ಬಹಳ ಏರಿ ನಿದ್ದೆ ಹೆಚ್ಚು.

ಕರಿಮೆಣಸಿಗೂ ಈ ಕಥೆಯಲ್ಲಿ ಎರಡು ಪಾತ್ರಗಳಿವೆ. ಮೆಣಸು ಮತ್ತು ಮೂಲಂಗಿ ಸೇರಿಸಿದ ಜನಪದ ಮದ್ದಿನ ಜಾಡು ಹಿಡಿದ ಚೀನಾದ ವಿಜ್ಞಾನಿಗಳು ಮೆಣಸಿನ ಪೈಪರಿನ್ ಅಣುವನ್ನೇ ಮಾದರಿಯಾಗಿಟ್ಟುಕೊಂಡು ಆಂಟಿಎಪಿಲೆಪ್ಸಿರಿನ್ ಎಂಬ ಔಷಧ ತಯಾರಿಸಿದರು. ಇನ್ನೊಂದು ಕಡೆ, ಅದೇ ಪೈಪರಿನ್ ಕರುಳಿನಲ್ಲಿ ಫೆನಿಟಾಯಿನ್ ಹೀರಿಕೆಯನ್ನು ಹೆಚ್ಚಿಸುತ್ತದೆ ಎಂದು ಭಾರತದಲ್ಲಿ ಮನುಷ್ಯರ ಮೇಲೆ ನಡೆದ ಅಧ್ಯಯನಗಳು ತೋರಿಸಿವೆ. ಫೆನಿಟಾಯಿನ್ ಮೊದಲೇ ನಾಜೂಕಿನ ಔಷಧ. ರಕ್ತದ ಮಿಲಿಲೀಟರಿಗೆ 10ರಿಂದ 20 ಮೈಕ್ರೋಗ್ರಾಂ ನಡುವೆ ಇದ್ದರೆ ಕ್ಷೇಮ. ಯಕೃತ್ತಿನ ಕಿಣ್ವಗಳು ಅದನ್ನು ಒಂದು ಮಿತಿಯವರೆಗೆ ಮಾತ್ರ ವಿಲೇವಾರಿ ಮಾಡಬಲ್ಲವು. ಮಿತಿ ಮುಟ್ಟಿದ ಮೇಲೆ ಸ್ವಲ್ಪ ಹೆಚ್ಚು ಒಳಸೇರಿದರೂ ರಕ್ತದ ಮಟ್ಟ ಜಿಗಿದು ತಲೆಸುತ್ತು, ನಡಿಗೆಯಲ್ಲಿ ತೂರಾಟ ಶುರು. ಇದಕ್ಕೆ ಹೆದರಿ ಮೆಣಸಿನ ಸಾರು ಬಿಡಬೇಕಿಲ್ಲ. ದಿನದ ಊಟ ಒಂದೇ ತೆರನಾಗಿದ್ದರೆ ವೈದ್ಯರು ಹೊಂದಿಸಿದ ಡೋಸಿನಲ್ಲಿ ಅದೂ ಲೆಕ್ಕಕ್ಕೆ ಸೇರಿರುತ್ತದೆ. ಯೋಚಿಸಬೇಕಾದದ್ದು ಹೊಸದಾಗಿ ಶುರುಮಾಡಿದ, ಮೆಣಸು ಸೇರಿದ ತ್ರಿಕಟು ಚೂರ್ಣ ಅಥವಾ ಪೈಪರಿನ್ ಸೇರಿದ ಕ್ಯಾಪ್ಸೂಲಿನ ಬಗ್ಗೆ.

ನೇರ ಅಪಾಯಗಳೂ ಇವೆ. ಮಕ್ಕಳಿಗೆ ತೇಯ್ದು ನೆಕ್ಕಿಸುವ ಬಜೆಯ ಎಣ್ಣೆಯಲ್ಲಿ ಬೀಟಾ ಅಸರೋನ್ ಇದೆ, ಭಾರತದ ತಳಿಯಲ್ಲಿ ಹೆಚ್ಚಾಗಿಯೇ ಇದೆ. ಬಜೆಯ ಎಣ್ಣೆ ಇಲಿಗಳಲ್ಲಿ ಗೆಡ್ಡೆ ಬರಿಸುತ್ತದೆಂದು ಕಂಡ ಮೇಲೆ 1968ರಲ್ಲಿ ಅಮೆರಿಕ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿತು. ಕರ್ಪೂರ ಮತ್ತು ನೀಲಗಿರಿ ಎಣ್ಣೆಯ ಬಗ್ಗೆ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು ಮುಂದಾಳುಗಳಾಗಿ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ನಾಲ್ಕು ವರ್ಷಗಳಲ್ಲಿ ಬಂದ 350 ವಯಸ್ಕ ರೋಗಿಗಳಲ್ಲಿ 55 ಮಂದಿಯ ಫಿಟ್ಸ್‌ಗೆ ಇಂಥ ಎಣ್ಣೆಗಳ ಸಂಬಂಧ ಕಂಡುಬಂತು. ನೆಗಡಿಗೆಂದು ಹಬೆ ತೆಗೆದುಕೊಂಡದ್ದು, ನೋವಿಗೆ ಹಚ್ಚಿಕೊಂಡ ಬಾಮು, ಇಷ್ಟೇ. ಮೂರ್ಛೆರೋಗಿ ಇರುವ ಮನೆಯಲ್ಲಿ ಈ ವಿಷಯ ಗೊತ್ತಿರಲೇಬೇಕು. ಎಷ್ಟೋ ಮನೆಗಳಲ್ಲಿ ಗೊತ್ತಿಲ್ಲ.

ಮತ್ತೊಂದು ಬಗೆಯ ಅಪಾಯ ಮೋಸದ್ದು. "ಶುದ್ಧ ಮೂಲಿಕೆ" ಎಂದು ಕೊಟ್ಟ ಪುಡಿ, ಗುಳಿಗೆಗಳಲ್ಲಿ ಫಿನೋಬಾರ್ಬಿಟಲ್ ಬೆರೆಸಿದ್ದು ನಮ್ಮ ದೇಶದಲ್ಲೇ ಪತ್ತೆಯಾಗಿದೆ. ರೋಗಿಗೆ ಫಿಟ್ಸ್ ನಿಲ್ಲುತ್ತದೆ, ಮೂಲಿಕೆಗೆ ಹೆಸರು ಬರುತ್ತದೆ. ಪುಡಿ ನಿಲ್ಲಿಸಿದ ವಾರದಲ್ಲಿ ಫಿಟ್ಸ್ ಮುಗಿಬಿದ್ದು ಬರುತ್ತದೆ, ಏಕೆಂದರೆ ಫಿನೋಬಾರ್ಬಿಟಲ್ ಒಮ್ಮೆಲೇ ಬಿಟ್ಟರೆ ಆಗುವುದೇ ಹಾಗೆ. ಅಮೆರಿಕದ ಬಾಸ್ಟನ್ ಸುತ್ತಲಿನ ಅಂಗಡಿಗಳಲ್ಲಿ ಸಿಕ್ಕ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ 2004ರಲ್ಲಿ ವರದಿ ಮಾಡಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಸೀಸ ಮಿದುಳಿಗೆ ಏರಿದರೆ ಅದೇ ಫಿಟ್ಸ್ ತರಿಸುತ್ತದೆ. ಅಂದಹಾಗೆ, ಮೂರ್ಛೆರೋಗ ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪ್ರಕಾರ ಅಪರಾಧ. ಬಸ್ ನಿಲ್ದಾಣದ ಗೋಡೆಗಳನ್ನು ನೋಡಿದರೆ ಹಾಗನ್ನಿಸುವುದಿಲ್ಲ, ಅದು ಬೇರೆ ಮಾತು.

ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನ ಹಳ್ಳಿಗಳಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಕೆಲಸ ಜಗತ್ತಿನ ಗಮನ ಸೆಳೆದದ್ದು ಹೊಸ ಔಷಧ ಕಂಡುಹಿಡಿದದ್ದಕ್ಕಲ್ಲ. 1912ರಿಂದ ಬಳಕೆಯಲ್ಲಿರುವ ಫಿನೋಬಾರ್ಬಿಟಲ್, 1938ರ ಫೆನಿಟಾಯಿನ್, ಈ ಎರಡು ಅಗ್ಗದ ಮಾತ್ರೆಗಳನ್ನು ತಪ್ಪದೆ ಕೊಟ್ಟರೆ ಹಳ್ಳಿಗಾಡಿನಲ್ಲೂ ಮೂರ್ಛೆರೋಗವನ್ನು ಹತೋಟಿಗೆ ತರಬಹುದು ಎಂದು ತೋರಿಸಿದ್ದಕ್ಕೆ. ನಮ್ಮಲ್ಲಿ ಬಹಳಷ್ಟು ಮಂದಿ ಸೋಲುವುದು ಮಾತ್ರೆ ಕೆಲಸ ಮಾಡದೆ ಅಲ್ಲ, ಮಾತ್ರೆ ಸಿಗದೆ ಅಥವಾ ನಡುವೆ ಬಿಟ್ಟು.

ಮೂಲಿಕೆ ತೆಗೆದುಕೊಳ್ಳುತ್ತಿದ್ದೀರಾದರೆ ಬಾಟಲಿಯನ್ನೇ ನರರೋಗ ವೈದ್ಯರ ಮುಂದಿಡಿ. ಬೈದಾರು ಎಂದು ಬಚ್ಚಿಡಬೇಡಿ. ಫಿಟ್ಸ್ ಹೆಚ್ಚಾದರೆ ಅಥವಾ ವಿಪರೀತ ಮಂಪರು ಬಂದರೆ ರಕ್ತದಲ್ಲಿ ಔಷಧದ ಮಟ್ಟ ನೋಡಲು ಕೇಳಿ. ಯಾವ ಕಾರಣಕ್ಕೂ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ ಬೇಡ, ಬಾಯಿಗೆ ಏನನ್ನೂ ತುರುಕಬೇಡಿ. ಮಗ್ಗುಲಿಗೆ ಮಲಗಿಸಿ ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.